ಸಾಯಲೇಬೇಕಾದ ಸಾಲು

ಬೆಳಕು ಹರಿಯುವ ಹೊತ್ತು. ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿಲ್ಲ. ಆರಡಿ ಎತ್ತರದ, ಬಾಗಿಲಗಲದ ಬೆನ್ನಿನ ವ್ಯಕ್ತಿಯೊಬ್ಬರು ಬೆಚ್ಚನೆಯ ಪೆಟ್ಟಿಗೆಯಿಂದ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಉಸಿರು ಬಿಗಿಹಿಡಿದು ಹೊರತೆಗೆಯುತ್ತಾರೆ. ತಟ್ಟೆಯ ಪುಟ್ಟ ಗುಳಿಗಳಲ್ಲಿ ಜೀವಕೋಶಗಳು ಬೆಳೆಯುತ್ತಿವೆ. ಹಳೆಯ ದ್ರವ ಹೀರಿ ತೆಗೆದು ಹೊಸದನ್ನು ಉಣಿಸುವುದು ದಿನದ ಮೊದಲ ಕೆಲಸ. ಜೊತೆಯವರು ಇವರಿಗೆ ಇಟ್ಟ ಹೆಸರು ‘ದಾದಿಯಮ್ಮ’.

“ಕರೀಲಿ ಬಿಡಿ. ಭಾನುವಾರ ಅಂತ ಇವಕ್ಕೆ ಹಸಿವು ನಿಲ್ಲುತ್ತಾ?” ಎನ್ನುತ್ತಾರೆ ರಜೆಯಲ್ಲೂ ತಪ್ಪದೆ ಬರುವ ಇವರು.

ಹಲ್ಲಿನ ತೂತಿಗೆ ತುಂಬುವ ಸಿಮೆಂಟು, ಹಲ್ಲುಸೆಟ್ಟಿನ ಪ್ಲಾಸ್ಟಿಕ್ಕು, ಎಲ್ಲವೂ ಬಾಯಿಗೆ ಹೋಗುವ ಮೊದಲು ಇವರ ಕೈಗೆ ಬರುತ್ತವೆ. ಚೂರೊಂದನ್ನು ದ್ರವದಲ್ಲಿ ನೆನೆಸಿಟ್ಟು, ಆ ದ್ರವವನ್ನು ಕೋಶಗಳಿಗೆ ಹಾಕುತ್ತಾರೆ. ಕೋಶ ಬದುಕಿದರೆ ಪಾಸು, ಸತ್ತರೆ ಮಾಲು ವಾಪಸು. ತಟ್ಟೆಯ ಗುಳಿಗಳ ಒಂದು ಸಾಲಿಗೆ ಮಾತ್ರ ಬೇಕೆಂದೇ ವಿಷ ಹಾಕುತ್ತಾರೆ. ಅದು ಸಾಯಲೇಬೇಕು. ಸತ್ತರೆ ತಾನೇ ಪರೀಕ್ಷೆಗೆ ಕಣ್ಣಿದೆ ಎಂದು ಗೊತ್ತಾಗುವುದು.

ಕೆಲವು ತಿಂಗಳ ಹಿಂದೆ ಉಚಿತ ದಂತ ಚಿಕಿತ್ಸಾಲಯಕ್ಕೆಂದು ಹೊಸ ಸೆಟ್ಟಿನ ಪ್ಲಾಸ್ಟಿಕ್ಕು ಬಂತು. ಉಳಿದ ಪರೀಕ್ಷೆಗಳು ಮುಗಿದಿದ್ದವು, ಇದೊಂದೇ ಬಾಕಿ. ಹಲ್ಲಿಗಾಗಿ ಕಾದವರಲ್ಲಿ ದಾದಿಯಮ್ಮನ ತಾಯಿಯೂ ಒಬ್ಬರು. ಬೋಳು ಒಸಡಿನಲ್ಲಿ ನೆನೆಸಿದ ಬ್ರೆಡ್ಡು ತಿಂದು ತಿಂದು ಆಕೆಗೆ ರೋಸಿಹೋಗಿತ್ತು.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ಲಾಸ್ಟಿಕ್ಕಿನ ಸಾಲು ಜೀವಂತ. ವಿಭಾಗದ ಮುಖ್ಯಸ್ಥರು ಬೆನ್ನು ತಟ್ಟಿದರು. ಇವರ ಮುಖ ಮಾತ್ರ ಇಳಿದುಹೋಯಿತು.

“ಏನ್ರೀ ದಾದಿಯಮ್ಮ, ಎಲ್ಲಾ ಬದುಕಿದೆ ಅಂತ ಅಳ್ತಿದೀರಾ?”

“ವಿಷ ಕುಡಿದ ಸಾಲೂ ಬದುಕಿದೆ ಸಾರ್. ಈ ತಟ್ಟೆ ಮಾತು ನಂಬಬೇಡಿ.”

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು. “ಆಯ್ತು, ಮೊದಲಿಂದ ಶುರು ಮಾಡಿ.” ಹುಡುಕಿ ನೋಡಿದರೆ, ಬಾಟಲಿಯಲ್ಲಿದ್ದ ವಿಷವೇ ಹಳತಾಗಿ ಸತ್ವ ಕಳೆದುಕೊಂಡಿತ್ತು.

ಮನೆಯಲ್ಲಿ ತಾಯಿಯ ಮಂಗಳಾರತಿ ಕಾದಿತ್ತು. “ಅಲ್ಲ ಕಣೋ, ಊರವರ ಹಲ್ಲೆಲ್ಲ ನಿನ್ನಿಂದಲೇ ತಡವಾಗ್ತಿದೆಯಂತೆ?”

“ಒಸಡು ಸುಟ್ಟುಕೊಂಡ ಮೇಲೆ ಬೈದ್ರೆ ಏನು ಬಂತಮ್ಮಾ? ಈಗಲೇ ಬೈದುಬಿಡು.”

ಹೊಸ ವಿಷ, ಹೊಸ ಕೋಶ. ಈ ಸಲ ವಿಷದ ಸಾಲು ಒಂದು ಕೋಶವೂ ಉಳಿಯದೆ ಸತ್ತಿತು, ಪ್ಲಾಸ್ಟಿಕ್ಕಿನ ಸಾಲು ಗಟ್ಟಿಯಾಗಿ ಬದುಕಿತು. ಆಮೇಲೆಯೇ ವರದಿಗೆ ಸಹಿ.

ಇವತ್ತು ಅದೇ ಚಿಕಿತ್ಸಾಲಯದ ಬೆಂಚಿನ ಮೇಲೆ ತಾಯಿ ಹೊಸ ಸೆಟ್ಟು ಹಾಕಿಸಿಕೊಂಡು ಕೂತಿದ್ದಾರೆ. ಮಗ ಕೆಲಸಕ್ಕೆ ಮರಳಲು ಹೊತ್ತಾಯಿತೆಂದು ಬಾಗಿಲಲ್ಲಿ ಚಡಪಡಿಸುತ್ತಿದ್ದಾರೆ. ಹಲ್ಲು ಚೆನ್ನಾಗಿ ಕೂತಿದೆ ಎಂದ ಪಕ್ಕದಾಕೆಗೆ ತಾಯಿ ಇಡೀ ಕೋಣೆಗೆ ಕೇಳುವಂತೆ ಹೇಳುತ್ತಾರೆ:

“ಕಟ್ಟಿದ್ದು ಡಾಕ್ಟ್ರು. ತಡ ಮಾಡಿಸಿದ್ದು ನನ್ನ ಮಗ!”