ಬೇಳೆ ಬೇಯದ ನೀರು

ನಮ್ಮಣ್ಣ ಫಕೀರಪ್ಪ ಟ್ರ್ಯಾಕ್ಟರಿಗೆ ಜ್ವರ ಬಂದಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ತಾಯಿ ಕೂಸಿನ ಹಣೆಗೆ ಕೈಯ ಹಿಂಬದಿ ಇಟ್ಟು ನೋಡುತ್ತಾಳಲ್ಲ, ಹಾಗೆ ಬಾನೆಟ್ ಎತ್ತಿ, ರೇಡಿಯೇಟರಿನ ನೆತ್ತಿಗೆ ಬಲಗೈಯ ಹಿಂಬದಿ ತಾಗಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಾವು ತೋರಿಸುವ ಮೀಟರಿನ ಮುಳ್ಳು ಎಂದೋ ಕೆಟ್ಟುಹೋಗಿತ್ತು. ಹೊಸದು ಹಾಕಿಸು ಎಂದು ಯಾರಾದರೂ ಹೇಳಿದರೆ, "ಆ ಮುಳ್ಳು ಸುಳ್ಳ ಹೇಳತೈತಿ. ನನ್ನ ಕೈ ಹೇಳಂಗಿಲ್ಲ" ಅನ್ನುತ್ತಿದ್ದ.

ಟ್ರ್ಯಾಕ್ಟರ್ ಅವನದಲ್ಲ, ದೊಡವಾಡದ ನಮ್ಮ ಸಾವಕಾರರದು. ಅಣ್ಣ ಅದರ ಡ್ರೈವರ್. ನಾನು ಅದೇ ಸಾವಕಾರರ ಮನೆಯಲ್ಲಿ ರೊಟ್ಟಿ ಬಡಿಯುವವಳು. ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮದುವೆಯಾಗಿ, ಗಂಡನ ಮನೆಯಲ್ಲಿ ಬಾಳಲಾಗದೆ ಗಂಟು ಹೊತ್ತುಕೊಂಡು ತಿರುಗಿ ಬಂದ ದಿನ ಅಣ್ಣ ಯಾಕೆ ಬಂದೆ ಎಂದು ಕೇಳಲಿಲ್ಲ. "ಬಂದೀ ಶಾಂತವ್ವಾ? ಚಾ ಇಡು" ಅಂದ, ಅಷ್ಟೆ. ಅವನು ಮದುವೆಯೇ ಆಗಲಿಲ್ಲ. "ಇದಕ್ಕ ಎಣ್ಣಿ ನೀರು ನೋಡೋದ್ರಾಗ ಹೊತ್ತು ಮುಳಗತೈತಿ, ಇನ್ನ ಹೆಂಡ್ತಿ ಯಾವಾಗ ನೋಡ್ಲಿ?" ಎಂದು ಟ್ರ್ಯಾಕ್ಟರ್ ಕಡೆ ಕೈ ಮಾಡುತ್ತಿದ್ದ.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಟ್ರ್ಯಾಕ್ಟರ್ ರೇಸ್ ನಡೆಯುತ್ತವೆ. ರಸ್ತೆಯ ಮೇಲಲ್ಲ, ನೇಗಿಲು ಹೊಡೆದ ಎರೆ ಹೊಲದಲ್ಲಿ. ಮರಳಿನ ಚೀಲ ಹೇರಿದ ಟ್ರೇಲರ್ ಜಗ್ಗಿಕೊಂಡು ಸುತ್ತು ಹಾಕಬೇಕು. ಗಾಲಿ ಹೂತು ಹೋಗುತ್ತದೆ, ಇಂಜಿನ್ ಅರಚುತ್ತದೆ. ಅರ್ಧದಷ್ಟು ಗಾಡಿಗಳು ಸೋಲುವುದು ಎದುರಾಳಿಗಲ್ಲ, ತಮ್ಮದೇ ಕಾವಿಗೆ.

ಎಣ್ಣೆಯ ವಿಷಯದಲ್ಲಿ ಅಣ್ಣನದು ಪೂಜಾರಿಯ ಮಡಿ. ಬಂಕಿನಿಂದ ತಂದ ಡೀಸೆಲನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟು, ತಳದಲ್ಲಿ ನೀರು ಕೂರುತ್ತದೆಯೇ ಎಂದು ನೋಡುತ್ತಿದ್ದ. ಆಮೇಲೆ ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ಮೂಸಿ, ಟಾಕಿಗೆ ಹಾಕುವುದು. ಬೇರೆ ಡ್ರೈವರುಗಳು ರೇಸಿನ ದಿನ ಸೀಮೆಎಣ್ಣೆ ಬೆರೆಸುತ್ತಿದ್ದರು. ಹಾಗೆ ಬೆರೆಸಿದರೆ ಗಾಡಿ ಹಾರುತ್ತದೆ ಎಂದು ಅವರ ನಂಬಿಕೆ. ಒಮ್ಮೆ ಕಿತ್ತೂರಿನ ಹತ್ತಿರದ ರೇಸಿನಲ್ಲಿ ಅಂಥವನೊಬ್ಬ ಅಣ್ಣನನ್ನು ಕೆಣಕಿದ.

"ಏನಲೇ ಫಕೀರಾ, ನಿನ್ನ ಗಾಡಿಗೆ ಇನ್ನೂ ಹಾಲು ಅನ್ನ ಉಣಸಾಕತ್ತೀಯೇನು?"

"ಹೌದಪಾ. ಎತ್ತಿಗೆ ಶೆರೆ ಕುಡಿಸಿ ಓಡಸೋ ಪದ್ಧತಿ ನಮ್ಮ ಊರಾಗ ಇಲ್ಲ."

ಎರಡನೇ ಸುತ್ತಿಗೆ ಆ ಗಾಡಿ ಹೊಗೆ ಕಾರುತ್ತ ಕೂತುಬಿಟ್ಟಿತು. ಅಣ್ಣ ಗೆದ್ದ. ಗೆದ್ದ ಮೇಲೂ ಇಂಜಿನ್ ಬಂದ್ ಮಾಡದೆ ಸುಮ್ಮನೆ ಗುರುಗುಟ್ಟಲು ಬಿಟ್ಟ. ಬಂದ್ ಮಾಡಿ ತಣ್ಣೀರು ಹಾಕೋಣ ಎಂದು ಓಡಿ ಬಂದವರಿಗೆ, "ದಣದ ಎತ್ತಿನ ನೊಗಾ ಇಳಸಿದ ಕೂಡ್ಲೇ ನೀರು ಕುಡಸ್ತೀರೇನು? ಉಸಿರು ಬಿಡ್ಲಿ ತಡೀರಿ" ಎಂದು ಗದರಿದ. ಆಮೇಲೆ ತಾನೇ ಹಗ್ಗ ಕಟ್ಟಿ, ಕೆಣಕಿದವನ ಗಾಡಿಯನ್ನು ಹೊಲದಿಂದ ಎಳೆದು ದಾರಿಗೆ ತಂದು ಬಿಟ್ಟ. ಮಂದಿ ನಗುತ್ತಿತ್ತು. "ನಗಬ್ಯಾಡ್ರಿ. ಗಾಡಿ ಏನ್ ತಪ್ಪ ಮಾಡೈತಿ? ಕುಡಿಸಿದಾಂವ ಬ್ಯಾರೆ ಅದಾನ" ಅಂದ.

ರೇಡಿಯೇಟರಿನ ಜಾಳಿಗೆಯಲ್ಲಿ ಸಿಕ್ಕ ಹೊಟ್ಟು, ಹತ್ತಿಯ ಎಳೆ ತೆಗೆಯಲು ನನ್ನ ಹೇನಿನ ಹಣಿಗೆಯನ್ನೇ ಒಯ್ಯುತ್ತಿದ್ದ. ಬೈದರೆ, "ನಿನ್ನ ತಲೀದು ನಾಳೆ ತಗದ್ರೂ ನಡೀತೈತಿ, ಇದರದು ಇವತ್ತ ತಗೀಬೇಕು" ಎಂದು ನಗುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಹಟ ನೀರಿನದು. ನಮ್ಮ ಓಣಿಯ ಬೋರಿನ ನೀರು ಸವಳು. ಕಾಸುವ ಹಂಡೆಯೊಳಗೆ ಸುಣ್ಣದಂಥ ಬಿಳಿ ಹಕ್ಕಳೆ ಕಟ್ಟುತ್ತದೆ. ಆ ನೀರಿನಲ್ಲಿ ತೊಗರಿ ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ಸಿಹಿನೀರು ಬೇಕೆಂದರೆ ಊರಾಚೆಯ ಬಾವಿಗೆ ಹೋಗಬೇಕು. ಅಂಗಡಿಯಲ್ಲಿ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟ್ ಸಿಗುತ್ತಿತ್ತು, ಆದರೆ ಸಾವಕಾರರು, "ರೇಡಿಯೇಟರ್‌ಗೆ ನೀರು ಕೊಂಡ ತರಾಕ ನನಗೇನ ಹುಚ್ಚ ಹಿಡದೈತೇನು?" ಅಂದಿದ್ದರು. ಹಳೆಯ ಗಾಡಿ, ದಿನವೂ ಒಂದಿಷ್ಟು ನೀರು ಕುಡಿಯುತ್ತಿತ್ತು. "ಬ್ಯಾಳಿ ಬೇಯದ ನೀರು ಇಂಜಿನ್ನಿಗೆ ವಿಷ ಇದ್ದಂಗ" ಎಂದು ಅಣ್ಣ ಕಂಡವರಿಗೆಲ್ಲ ಹೇಳುತ್ತಿದ್ದ. ಅದಕ್ಕೆಂದೇ ಒಂದು ಬಿಳಿ ಕ್ಯಾನ್ ಇಟ್ಟಿದ್ದ. ಬೆಳಿಗ್ಗೆ ಅಡಿಗೆಯ ಕೊಡದ ಜೊತೆ ಆ ಕ್ಯಾನನ್ನೂ ಬಾವಿಯಲ್ಲಿ ತುಂಬಿ ತರುವುದು ನನ್ನ ಕೆಲಸ. ಊಟಕ್ಕೆ ಕೂತಾಗ ತಾಟಿನಿಂದ ಒಂದು ಬೇಳೆ ಎತ್ತಿ ಎರಡು ಬೆರಳ ನಡುವೆ ಹಿಚುಕಿ, "ಮೆತ್ತಗಾಗೇತಿ. ನೀರು ಚಲೋ ಐತಿ" ಅನ್ನುತ್ತಿದ್ದ. ಮನೆಯಲ್ಲಿ ಬೇಳೆ ಬೆಂದಿದೆ ಎಂದರೆ ಕ್ಯಾನಿನಲ್ಲಿರುವುದೂ ಅದೇ ನೀರು. ಅವನ ಪರೀಕ್ಷೆ ಅಷ್ಟೇ.

ಒಂದು ವರ್ಷ ಬಾವಿಯಲ್ಲಿ ನೀರು ಕೆಳಗಿಳಿದು ಪಾಳಿ ಹಚ್ಚಬೇಕಾಯಿತು. ನನ್ನ ಕೈಯಲ್ಲಿ ಕೊಡದ ಜೊತೆ ಕ್ಯಾನ್ ಕಂಡು ಹಿಂದೆ ನಿಂತವಳೊಬ್ಬಳು ಅಂದಳು: "ಗಂಡನ ಮನ್ಯಾಗ ಹಡೀಲಿಲ್ಲ, ಇಲ್ಲಿ ಬಂದು ಕಬ್ಬಣದ ಕೂಸಿಗೆ ನೀರ ಹೊರಾಕತ್ತಾಳ ನೋಡ್ರೇ." ಎಲ್ಲರೂ ನಕ್ಕರು. ಮರುದಿನದಿಂದ ನಾನು ಕ್ಯಾನ್ ಒಯ್ಯಲಿಲ್ಲ. ಬೇಳೆಗೆ ಸಾಕಾಗುವಷ್ಟು ಸಿಹಿನೀರು ತಂದು, ಕ್ಯಾನನ್ನು ಮನೆಯ ಮುಂದಿನ ಬೋರಿಗೆ ಹಿಡಿದೆ.

ಆ ಮಾತಿನ ನೋವಿಗೆ ಹೀಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೆಂಗಸರು ವಾರದೊಳಗೆ ಮರೆತರು. ಮಳೆಗಾಲ ಬಂದು ಬಾವಿಯೂ ತುಂಬಿತು. ನಾನು ಬೋರು ಬಿಡಲಿಲ್ಲ. ಹತ್ತಿರವಿತ್ತು, ಹಗುರವಾಗಿತ್ತು, ಅಷ್ಟೇ ಕಾರಣ. ಒಂದಿಡೀ ವರ್ಷ ಅಣ್ಣ ನನ್ನ ಬೇಳೆ ಹಿಚುಕಿ ನೀರನ್ನು ಹೊಗಳಿದ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮುಂದಿನ ಬೇಸಿಗೆಯ ರೇಸ್ ಮುನವಳ್ಳಿಯ ಕಡೆ, ಮಲಪ್ರಭೆಯ ಹಿನ್ನೀರು ಇಳಿದ ಹೊಲದಲ್ಲಿ. ಸಾವಕಾರರು ಮೊದಲೇ ಹೇಳಿದ್ದರು: "ಫಕೀರಾ, ಗೆದ್ರ ಇದೂ ಇರತೈತಿ, ನೀನೂ ಇರ್ತಿ. ಸೋತ್ರ ಇದನ್ನ ಮಾರಿ ಹೊಸಾದು ತರಾಂವ. ಹೊಸಾ ಗಾಡಿಗೆ ಹೊಸಾ ಡ್ರೈವರ್." ಅಣ್ಣ ನಕ್ಕು, "ಮಾರೋ ಮಾತ ಅದರ ಮುಂದ ಆಡಬ್ಯಾಡ್ರಿ, ಕೇಳಿಸ್ಕೊಂತೈತಿ" ಅಂದ.

ಸಾವಕಾರರ ಮನೆಯವರ ಜೊತೆ ಬುತ್ತಿ ಕಟ್ಟಿಕೊಂಡು ನಾನೂ ಹೋಗಿದ್ದೆ. ಕೊನೆಯ ಸುತ್ತಿನಲ್ಲಿ ಅಣ್ಣ ಎಲ್ಲರಿಗಿಂತ ಮುಂದಿದ್ದ. ಬದುವಿನ ಮೇಲೆ ಸಾವಕಾರರು ಟವೆಲ್ ಬೀಸುತ್ತ "ಹೊಡಿ, ಹೊಡಿ" ಎಂದು ಕುಣಿಯುತ್ತಿದ್ದರು. ಆಗ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಬೇರೆ ಯಾರೇ ಆಗಿದ್ದರೂ ಬಾವುಟದ ತನಕ ಒತ್ತಿಬಿಡುತ್ತಿದ್ದರು. ಅಣ್ಣ ಕ್ಲಚ್ ಒತ್ತಿ ನಿಲ್ಲಿಸಿದ. ತಡವಾಗಿತ್ತು, ಕರಕರ ಸದ್ದು ಮಾಡಿ ಇಂಜಿನ್ ತಾನೇ ಹಿಡಿದುಕೊಂಡು ನಿಂತುಹೋಯಿತು. ಅವನು ಹಾರಿ ಇಳಿದು ಬಾನೆಟ್ ಎತ್ತಿ, ಯಾವಾಗಲೂ ಮಾಡುವ ಹಾಗೆ ಜ್ವರ ನೋಡಲು ಕೈ ಚಾಚಿದ. ಅದೇ ಗಳಿಗೆಗೆ ರೇಡಿಯೇಟರಿನ ರಬ್ಬರ್ ಪೈಪ್ ಒಡೆಯಿತು. ಕುದಿಯುವ ನೀರು ಮೊಳಕೈ ತನಕ ಎರಚಿತು. ನಾನು ತುಂಬಿಸಿದ ನೀರು.

ಬೈಲಹೊಂಗಲದ ರೇಡಿಯೇಟರ್ ಮಿಸ್ತ್ರಿ ಅದನ್ನು ಬಿಚ್ಚುವ ದಿನ ಅಣ್ಣ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿದ್ದ. ಸಂಜೆ ಮನೆಗೆ ಬಂದು, ಟವೆಲಿನ ಗಂಟು ಬಿಚ್ಚಿ, ಒಳಗಿದ್ದುದನ್ನು ನನ್ನ ಒಲೆಯ ಕಟ್ಟೆಯ ಮೇಲಿಟ್ಟ. ರೇಡಿಯೇಟರಿನ ನಳಿಗೆಗಳಲ್ಲಿ ಕಟ್ಟಿಕೊಂಡಿದ್ದ ಬಿಳಿ ಹಕ್ಕಳೆಯ ಚೂರುಗಳು. ನಮ್ಮ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ. ನಾನು ಸೌಟು ಹಿಡಿದು ಬೇಳೆ ತಿರುವತೊಡಗಿದೆ.

ಅಷ್ಟರಲ್ಲಿ ಸಾವಕಾರರು ಬಾಗಿಲಿಗೆ ಬಂದರು.

"ಖರೇ ಹೇಳಲೇ. ಗೆಲ್ಲೋ ಆಶಾಕ ಸೀಮಿ ಎಣ್ಣಿ ಬೆರಸಿದ್ದಿ ಹೌದಿಲ್ಲೋ? ಊರೆಲ್ಲಾ ಅದನ್ನ ಮಾತಾಡಾಕತ್ತೈತಿ. ಇಲ್ಲಾಂದ್ರ ಯಾರ ತಪ್ಪದು, ಹೇಳು?"

ಅಣ್ಣ ಒಮ್ಮೆ ಅಡಿಗೆಮನೆಯ ಕಡೆ ನೋಡಿದ. ನಾನು ಸೌಟು ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ರೊಟ್ಟಿಯ ಕೆಲಸ ಅದೇ ಸಾವಕಾರರ ಮನೆಯಲ್ಲಿತ್ತು. ಅದು ನನಗಿಂತ ಮೊದಲು ಅವನಿಗೆ ನೆನಪಾಗಿರಬೇಕು.

"ಹೂಂರಿ" ಅಂದ. "ಬೆರಸಿದ್ದೆ."

ಸಾವಕಾರರು ಥೂ ಎಂದು ಉಗುಳಿ ಹೋದರು. ಅಣ್ಣ ಕೈಕಾಲು ತೊಳೆದು ಊಟಕ್ಕೆ ಕೂತ. ಎಡಗೈಯಿಂದ ಒಂದು ಬೇಳೆ ಎತ್ತಿದವನು, ಹಿಚುಕದೆ ತಾಟಿನ ಅಂಚಿಗೆ ಇಟ್ಟುಬಿಟ್ಟ. ಆಗಲೇ ನಾನು ಹೊರಗೆ ಓಡಿ ಸಾವಕಾರರನ್ನು ಕೂಗಬೇಕಿತ್ತು. ಅವರು ಇನ್ನೂ ಓಣಿ ದಾಟಿರಲಿಲ್ಲ.

ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಸೀಮೆಎಣ್ಣೆಯ ಫಕೀರ ಎಂಬ ಹೆಸರು ಸವದತ್ತಿ ಸಂತೆಯ ತನಕ ಹೋಯಿತು. ಬಲಗೈಯ ಚರ್ಮ ಮುದುಡಿ ಬೆರಳು ಮಡಚದಂತಾದವು. ಕೈಗೆ ಬಿಸಿ ತಣ್ಣಗೆ ಒಂದೂ ತಿಳಿಯದಾಯಿತು. ಕೊನೆಗೆ ರಾಮದುರ್ಗದಲ್ಲಿ ಗಾಡಿ ತೊಳೆಯುವ ಜಾಗದಲ್ಲಿ ಕೆಲಸಕ್ಕೆ ಸೇರಿದ. ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದ.

ಎಲ್ಲ ಹೇಳಿಬಿಡಬೇಕೆಂದು ಒಂದು ದಿನ ರೊಟ್ಟಿ, ಬೇಳೆ ಕಟ್ಟಿಕೊಂಡು ಅಲ್ಲಿಗೆ ಹೋದೆ. ದಿನವಿಡೀ ನೀರಿನಲ್ಲಿ ನಿಂತು ಅವನ ಕಾಲು ಬೆಳ್ಳಗೆ ಸುಕ್ಕಾಗಿದ್ದವು. ನನ್ನನ್ನು ಕಂಡು ಪೈಪ್ ಕೆಳಗಿಟ್ಟ.

"ಅಣ್ಣಾ, ನಿನಗ ಒಂದು ಮಾತ ಹೇಳೋದೈತಿ" ಅಂದೆ.

"ಮೊದಲ ಊಟ" ಅಂದ. ಚಮಚ ಹಿಡಿದು ಕೂತ. ಮೊದಲ ತುತ್ತಿಗೆ ಮೊದಲು ಬುತ್ತಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದ. "ನನ್ನ ಕೈಗೆ ತಿಳಿಯೂದಿಲ್ಲ ಈಗ. ನೀನ ಹಿಚುಕಿ ನೋಡು. ಬೆಂದೈತೇನು?"

ನಾನು ಒಂದು ಬೇಳೆ ಎತ್ತಿ ಹಿಚುಕಿದೆ. "ಬೆಂದೈತಿ ಅಣ್ಣಾ" ಅಂದೆ.

"ಸಾಕಲ್ಲ. ಇನ್ನೇನ ಹೇಳೋದೈತಿ?" ಎಂದು ಉಣ್ಣತೊಡಗಿದ. ನಾನು ಡಬ್ಬಿ ತೊಳೆದುಕೊಂಡು ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದಿತ್ತಂತೆ. ಶೆಡ್ಡಿನಲ್ಲಿ ಒಬ್ಬನೇ ಮಲಗಿದ್ದ, ಯಾರೂ ಮುಟ್ಟಿ ನೋಡಲಿಲ್ಲ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಹಣೆ ತಣ್ಣಗಿತ್ತು.

ಸಾವಕಾರರ ಮನೆಯಲ್ಲಿ ಈಗ ಹೊಸ ಟ್ರ್ಯಾಕ್ಟರ್ ಇದೆ. ಅದಕ್ಕೆ ಹಸಿರು ಕೂಲಂಟ್ ತಂದೇ ಹಾಕುತ್ತಾರೆ. ರೇಸಿನ ದಿನ ಬಂತೆಂದರೆ ಸಾವಕಾರರು ಹೊಸ ಡ್ರೈವರಿಗೆ ಕೂಗಿ ಹೇಳುತ್ತಾರೆ: "ಆ ಫಕೀರನಂಗ ಸೀಮಿ ಎಣ್ಣಿ ಬೆರಸಿಗಿರಸೀ ನೋಡು ಮತ್ತ!" ಎಲ್ಲರೂ ನಗುತ್ತಾರೆ. ಅವನು ಬೆರೆಸಿರಲಿಲ್ಲ ಎನ್ನುವುದನ್ನು ಇಲ್ಲಿ ಬರೆದಿದ್ದೇನೆಯೇ ಹೊರತು ಅಲ್ಲಿ ಇನ್ನೂ ಹೇಳಿಲ್ಲ. ಅವರ ಪಡಸಾಲೆಯಿಂದ ನಾನು ರೊಟ್ಟಿ ಬಡಿಯುವ ಒಲೆಗೆ ನಾಲ್ಕು ಹೆಜ್ಜೆ. ಅವರ ನಗು ನಿಲ್ಲುವ ತನಕ ನಾನು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ತಿರುವಿ ಹಾಕುತ್ತೇನೆ.