ಹನ್ನೊಂದು ಎಡಗೈಗಳು

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ, ಮಕ್ಕಳು ಬರುವ ಮುಂಚೆ, ಅವರು ಮೂರನೇ ತರಗತಿಯ ಕೋಣೆಯಲ್ಲಿ ಕೂತು ಪೆನ್ಸಿಲ್‌ಗಳಿಗೆ ಮೊನೆ ಮಾಡುತ್ತಿದ್ದರು. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಪೆನ್ಸಿಲ್. ಕೊರಳಲ್ಲಿ ತೂಗುವ ಕಾರ್ಡಿನ ಮೇಲೆ ‘ತರಗತಿ ಸಹಾಯಕಿ’ ಎಂದಿದೆ. ಊರಿನ ಬಂಧುಗಳಿಗೆ ಕಳಿಸಿದ ಫೋಟೊದಲ್ಲಿ ಆ ಕಾರ್ಡು ಬೆನ್ನು ತಿರುಗಿಸಿಕೊಂಡಿದೆ. ಗಾಳಿಗೆ ತಿರುಗಿದ್ದಲ್ಲ.

ಮೊದಲು ಒಳಗೆ ಬಂದವಳು ಮುಂದಿನ ಎರಡು ಹಲ್ಲು ಬಿದ್ದಿರುವ ಹುಡುಗಿ. ಮನೆಯಲ್ಲಿ ಗಂಡನ ಹತ್ತಿರ ಮಾತಾಡುವಾಗ ಅವರು ಇವಳನ್ನು ‘ಪಟಾಕಿ’ ಎನ್ನುತ್ತಾರೆ. ಪಟಾಕಿ ಬಾಗಿಲಲ್ಲೇ ನಿಂತು ಎಡಗೈ ಎತ್ತಿದಳು.

“ಮಿಸ್, ಇವತ್ತೂ ಆ ಆಟ ಇದೆಯಾ?”

“ಇಲ್ಲ ಪುಟ್ಟಾ.”

“ಛೇ! ನಿನ್ನೆ ನಾನು ಸರಿಯಾಗೇ ಎತ್ತಿದ್ದೆ ಅಲ್ವಾ?”

“ಸರಿಯಾಗೇ ಎತ್ತಿದ್ದೆ.”

ಕೈಯಲ್ಲಿದ್ದ ಪೆನ್ಸಿಲ್ ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ತಿರುಗಿ ಮೊನೆ ಮುರಿಯಿತು.

ಅವರು ಊರಿನಲ್ಲಿ ಹತ್ತೊಂಬತ್ತು ವರ್ಷ ಗಣಿತ ಕಲಿಸಿದ ಟೀಚರು. ಗಂಡನಿಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ಈ ದೇಶಕ್ಕೆ ಬಂದರು. ಸರ್ಟಿಫಿಕೇಟುಗಳ ಪರಿಶೀಲನೆಗೇ ಎಂಟು ತಿಂಗಳು ಹಿಡಿಯಿತು. ಆಮೇಲೆ ಶಾಲೆಯವರು ನಿಯಮ ತಿಳಿಸಿದರು: ಮೊದಲು ಸಹಾಯಕಿಯಾಗಿರಬೇಕು, ಮುಖ್ಯಸ್ಥೆಯ ಎದುರು ಮೂರು ಪಾಠ ಮಾಡಬೇಕು, ಮೂರೂ ಪಾಸಾದರೆ ಸ್ವಂತ ತರಗತಿ. ಮೊದಲೆರಡು ಪಾಠ ಹೇಗೋ ದಡ ಸೇರಿದ್ದವು. ಮೂರನೆಯದು ಗುರುವಾರ ಇತ್ತು, ಭಿನ್ನರಾಶಿ.

ಬುಧವಾರ ಕೊನೆಯ ಹತ್ತು ನಿಮಿಷ ಅವರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಆಟ ಹೇಳಿಕೊಟ್ಟರು. ನಾಳೆ ನಾನು ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ.

ಈ ಉಪಾಯ ಅವರಿಗೆ ಊರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಹೆಡ್‌ಮಾಸ್ಟರಿಂದ ಬಂದದ್ದು. ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಆ ಶಾಲೆಯ ಎಲ್ಲ ತರಗತಿಗಳಲ್ಲೂ ಇದರ ತಾಲೀಮು ನಡೆಯುತ್ತಿತ್ತು. ಬಂದವರಿಗೆ ಕೋಣೆ ತುಂಬ ಕೈಗಳು ಕಾಣುತ್ತಿದ್ದವು, ಟೀಚರು ಬಲಗೈಯವರನ್ನಷ್ಟೇ ಎಬ್ಬಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ನಗೋಕೆ ಅದೊಂದು ವಿಷಯ, ಅಷ್ಟೆ. ಅದನ್ನು ಮೋಸ ಎಂದು ಯಾರೂ ಕರೆದಿರಲಿಲ್ಲ.

ಗುರುವಾರ ಮುಖ್ಯಸ್ಥೆ ಬಂದು ಹಿಂದಿನ ಮೇಜಿನಲ್ಲಿ, ಮಕ್ಕಳ ಗಿಡ್ಡ ಕುರ್ಚಿಯ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಕೂತರು. ಪಕ್ಕದಲ್ಲಿ ಪಟಾಕಿ. ಟೀಚರು ಉದ್ದನೆಯ ಕಾಗದದ ಪಟ್ಟಿಗಳನ್ನು ಮಡಚಿ ತೋರಿಸಿದರು. ಎಷ್ಟು ಕಾಲುಭಾಗ ಸೇರಿದರೆ ಅರ್ಧ ಎಂದು ಕೇಳಿದರು. ಇಪ್ಪತ್ತಾರು ಕೈ ಒಟ್ಟಿಗೆ ಮೇಲೆದ್ದವು. ಅವರ ಎದೆ ಒಂದು ಗಳಿಗೆ ತುಂಬಿಬಂತು. ಬಲಗೈಯ ಒಬ್ಬಳನ್ನು ಕೇಳಿದರು, ಸರಿಯುತ್ತರ ಬಂತು. ಇನ್ನೊಬ್ಬಳನ್ನು ಕೇಳಿದರು, ಅದೂ ಸರಿ. ಮೂರನೇ ಪ್ರಶ್ನೆಗೆ ಮುಖ್ಯಸ್ಥೆ ಪಟಾಕಿಯ ಕಡೆ ಬಾಗಿದರು.

“ನೀನೂ ಕೈ ಎತ್ತಿದ್ದೀಯಲ್ಲ, ನಂಗೆ ಹೇಳು ನೋಡೋಣ.”

“ನನ್ನ ಕೇಳೋ ಹಾಗಿಲ್ಲ. ನಾನು ಎಡಗೈ.”

“ಅಂದ್ರೆ?”

“ಎಡಗೈ ಅಂದ್ರೆ ಗೊತ್ತಿಲ್ಲ ಅಂತ. ಮಿಸ್ ಹೇಳಿಕೊಟ್ಟಿದ್ದಾರೆ. ನಿಮಗೂ ಗೊತ್ತಿಲ್ದಿದ್ರೆ ನೀವೂ ಎಡಗೈ ಎತ್ತಿ, ಯಾರೂ ಏನೂ ಕೇಳಲ್ಲ.”

ಮಕ್ಕಳಿಗೆ ಪಿಸುಮಾತು ಬರುವುದಿಲ್ಲ. ಇಡೀ ಕೋಣೆಗೆ ಕೇಳಿಸಿತು. ಕೈಗಳು ಇನ್ನೂ ಮೇಲೇ ಇದ್ದವು. ಉಳಿದ ಇಪ್ಪತ್ತು ನಿಮಿಷ ಏನು ಪಾಠ ಮಾಡಿದರೋ ಟೀಚರಿಗೆ ನೆನಪಿಲ್ಲ. ಮುಖ್ಯಸ್ಥೆ ಆಮೇಲೆ ಏನನ್ನೂ ಬರೆದುಕೊಳ್ಳಲಿಲ್ಲ ಎಂಬುದು ಮಾತ್ರ ನೆನಪಿದೆ.

ಬೈಗುಳಕ್ಕೆ ಅವರು ಸಿದ್ಧರಾಗಿದ್ದರು. ಮುಖ್ಯಸ್ಥೆ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಮೆತ್ತಗೆ ಕೇಳಿದರು:

“ಎಷ್ಟು ಎಡಗೈ ಇದ್ವು?”

“ಹನ್ನೊಂದು.”

“ಎಣಿಸಿದ್ರಾ?”

“ಹೂಂ.”

“ಯಾರ್ಯಾರು ಅಂತ ಗೊತ್ತಾ?”

ಟೀಚರು ಒಂದೇ ಉಸಿರಿಗೆ ಹನ್ನೊಂದೂ ಹೆಸರು ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಏನೆಂದು ಅವರಿಗೇ ಗೊತ್ತಾಗಿತ್ತು.

“ಇವರಲ್ಲಿ ಯಾರ ಹತ್ತಿರ ಹೋದ್ರಿ?”

“ಯಾರ ಹತ್ತಿರಾನೂ ಇಲ್ಲ.”

“ಮಕ್ಕಳಿಗೆ ಎಷ್ಟು ಬರುತ್ತೆ ಅಂತ ನೋಡೋಕೆ ನಾನು ಬಂದಿರಲಿಲ್ಲ,” ಎಂದರು ಮುಖ್ಯಸ್ಥೆ. “ಬರದೇ ಇರೋ ಮಗುಗೆ ನೀವೇನು ಮಾಡ್ತೀರಿ ಅಂತ ನೋಡೋಕೆ ಬಂದಿದ್ದೆ.”

ಸಂಜೆ ಗಂಡ ಒಲೆಯ ಮುಂದೆ ಈರುಳ್ಳಿ ಬಾಡಿಸುತ್ತಿದ್ದರು. ತಿರುಗದೆಯೇ ಕೇಳಿದರು, “ಏನಾಯ್ತು ರಿಸಲ್ಟು?”

“ಫೇಲು.”

ಕಾರಣ ಕೇಳಿದ ಮೇಲೆ ಗಂಡನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಮಾರಾಯ್ತಿ! ಇಪ್ಪತ್ಮೂರು ಕೇಜಿ ಲಗೇಜಲ್ಲಿ ಅದನ್ನೂ ತುಂಬ್ಕೊಂಡು ಬಂದ್ಯಾ? ನಾನು ಆವತ್ತು ಕುಕ್ಕರ್ ಒಂದು ತೆಗೆದಿಡು ಅಂದಿದ್ದಕ್ಕೆ ನೀನು ಸಿಟ್ಟಲ್ಲಿ ಕುಣಿದಿದ್ದೆ.”

“ನಗಬೇಡಿ.”

“ಹೋಗ್ಲಿ ಬಿಡೇ. ಅಲ್ಲಿ ಎಲ್ರೂ ಮಾಡ್ತಿದ್ರು ತಾನೇ?”

“ಅದೇ ರೀ. ಎಲ್ರೂ ಮಾಡ್ತಿದ್ವಿ.” ಅವರು ಸಿಂಕಿಗೆ ಒರಗಿ ನಿಂತರು. “ಎರಡನೇ ಬೆಂಚಲ್ಲಿ ಒಂದು ಹುಡುಗಿ ಕೂರ್ತಿತ್ತು. ಎರಡು ಜಡೆ, ಒಂದು ಕಡೆ ಟೇಪು ಯಾವಾಗ್ಲೂ ಬಿಚ್ಚಿರೋದು. ಐದನೇ ಕ್ಲಾಸಲ್ಲಿ ಎಡಗೈ, ಆರನೇದ್ರಲ್ಲಿ ಎಡಗೈ, ಏಳನೇದ್ರಲ್ಲೂ ಎಡಗೈ. ಇನ್‌ಸ್ಪೆಕ್ಟರ್ ಹೋದ್ಮೇಲೆ ಅವಳ ಬೆನ್ನು ತಟ್ಟಿ, ಜಾಣೆ ಅಂದಿದ್ದೀನಿ. ಏಳಾದ್ಮೇಲೆ ಶಾಲೆ ಬಿಟ್ಲು. ಭಿನ್ನರಾಶಿ ಅವಳಿಗೆ ಬರಲೇ ಇಲ್ಲ. ನಂಗೆ ಗೊತ್ತಿತ್ತು.”

ಗಂಡ ಉರಿ ಸಣ್ಣ ಮಾಡಿದರು.

ಫೋನಿನಲ್ಲಿ ತಂಗಿಯ ಮೆಸೇಜು ಕಾದಿತ್ತು: ‘ಅಕ್ಕಾ, ಸ್ವಂತ ಕ್ಲಾಸು ಸಿಕ್ತಾ? ಹೆಡ್‌ಮಾಸ್ಟ್ರು ಎರಡು ಸಲ ಕೇಳಿದ್ರು.’ ಅವರು ‘ಇನ್ನೂ ಇಲ್ಲ’ ಎಂದು ಬರೆದರು. ಅಳಿಸಿ, ‘ಇಲ್ಲ, ಫೇಲಾದೆ. ಯಾಕೆ ಅಂತ ಭಾನುವಾರ ಹೇಳ್ತೀನಿ’ ಎಂದು ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಮುಖ್ಯಸ್ಥೆಯ ಚೀಟಿ ಬಂತು. ಮೂರನೇ ಪಾಠವನ್ನು ಏಳು ವಾರಗಳ ನಂತರ ಮತ್ತೆ ಮಾಡಬೇಕು. ಅಲ್ಲಿಯವರೆಗೆ, ಸೋಮವಾರದಿಂದ ದಿನಾ ಒಂಬತ್ತೂಕಾಲಿಗೆ, ಅವರು ಕಿಟಕಿ ಪಕ್ಕದ ಮೇಜುಗಳಲ್ಲಿ ಆ ಹನ್ನೊಂದು ಮಕ್ಕಳ ಜೊತೆ ಕೂರುತ್ತಾರೆ.