ಕುರಿಗಾಹಿಯ ಮಹಡಿ

ಎಲೆಅಡಿಕೆ ಹಿಡಿದಿದ್ದ ಬೆರಳುಗಳ ಉಗುರುಸಂದಿಯಲ್ಲಿ ಹುಣಸೆಬೀಜದ ಗಂಜಿ ಒಣಗಿ ಕೂತಿತ್ತು. ಕಂಬಳಿಗೆ ಗಂಜಿ ಬಳಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಆ ಕುರಿಗಾಹಿ ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದರು. ಅವರು ನೇಯ್ದ ಕಂಬಳಿಗಳನ್ನು ಅಬ್ಬಾ ಮಾರುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಇಬ್ಬರೂ ಸ್ನೇಹಿತರು.

"ನಾಳೆ ಬೆಳಿಗ್ಗೆ ಮನೆ ಒಕ್ಕಲು, ಸಾಬ್ರೇ. ಮೊಳಕಾಲ್ಮೂರಿನ ಕಲ್ಲುಕೆಲಸದೋರು ಮಹಡಿ ಮೆಟ್ಲು ಕಡಿದಾಗಿ ಕಟ್ಟವ್ರೆ. ನಿಮ್ ಮಂಡಿ ಹತ್ತುತ್ತೋ, ನಾನೇ ಹೊತ್ಕಂಡ್ ಹೋಗ್ಬೇಕೋ?"

ಅಬ್ಬಾ ನಗಲಿಲ್ಲ. ಕುರಿಗಾಹಿಯ ಬರಿಗಾಲುಗಳನ್ನೇ ನೋಡುತ್ತಿದ್ದರು. "ನೋಡಾನ" ಎಂದಷ್ಟೇ ಹೇಳಿ, ಎಲೆಅಡಿಕೆಯನ್ನು ಕೈಗೆ ತೆಗೆದುಕೊಳ್ಳದೆ ಜಗುಲಿಯ ಮೇಲೆ ಇಡಿಸಿದರು.

"ಬರಾಕಿಲ್ಲ ಅಂದ್ರೆ ಬರಾಕಿಲ್ಲ ಅನ್ರಿ" ಎಂದು ಕುರಿಗಾಹಿ ಎದ್ದು ಹೋದರು.

ಕಾರಣ ನನಗೆ ಗೊತ್ತಿತ್ತು. ಶುಕ್ರವಾರ ಮಸೀದಿಯಲ್ಲಿ ಮೌಲ್ವಿಯವರು ಕಿಯಾಮತ್ತಿನ ಗುರುತುಗಳನ್ನು ಹೇಳಿದ್ದರು. ಲೋಕದ ಕೊನೆ ಹತ್ತಿರವಾದಾಗ ಬರಿಗಾಲಿನ ಕುರಿಗಾಹಿಗಳು ಎತ್ತರದ ಕಟ್ಟಡಗಳಿಗಾಗಿ ಪೈಪೋಟಿ ನಡೆಸುತ್ತಾರೆ ಎಂಬ ಹದೀಸು, ಪ್ರವಾದಿಯವರ ಮಾತು, ಅದರಲ್ಲಿತ್ತು. ಹಿಂದಿನ ವರ್ಷ ಅಮ್ಮೀ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಅಬ್ಬಾ ಎಲ್ಲದರಲ್ಲೂ ಗುರುತು ಹುಡುಕುತ್ತಿದ್ದರು.

ಸಂಜೆ, ನಮ್ಮ ಮನೆಮಾತಾದ ಉರ್ದುವಿನಲ್ಲಿ ಕೇಳಿದೆ: "ಹದೀಸು ಹೇಳುವುದು ಪೈಪೋಟಿಯ ಮಾತು, ಅಬ್ಬಾ. ಇವರು ಯಾರ ಜೊತೆ ಪೈಪೋಟಿಗಿಳಿದರು? ನೆಲದಲ್ಲಿಟ್ಟ ಉಣ್ಣೆಗೆ ಗೆದ್ದಲು ಹತ್ತುತ್ತದೆಂದು ಮೇಲೊಂದು ಕೋಣೆ ಹಾಕಿಸಿದ್ದಾರೆ, ಅಷ್ಟೆ."

"ಮೈಸೂರಿನಲ್ಲಿ ಬಿ.ಎ. ಓದಿ ಬಂದವಳಿಗೆ ಎಲ್ಲಕ್ಕೂ ಬೇರೆ ಅರ್ಥ. ನಿನ್ನ ಅಮ್ಮೀ ಹೋದದ್ದಕ್ಕೆ ಏನು ಅರ್ಥ ಹೇಳುತ್ತೀಯ?"

ನಾನು ಹೇಳಿದ ಅರ್ಥವೇ ಸರಿ ಎಂಬ ಧೈರ್ಯ ನನಗಿರಲಿಲ್ಲ. ಅದು ನನಗೆ ಬೇಕಾಗಿದ್ದ ಅರ್ಥ ಎಂಬುದಷ್ಟೇ ಖಚಿತವಾಗಿತ್ತು. ಗುರುತನ್ನು ಕೊಟ್ಟದ್ದು ನಮ್ಮನ್ನು ನಾವು ನೋಡಿಕೊಳ್ಳಲೋ, ಎದುರಿಗಿರುವವನನ್ನು ಅಳೆಯಲೋ?

ಇನ್ನೊಂದು ಮಾತು ಬಾಯಿಯವರೆಗೆ ಬಂದು ನಿಂತಿತು. ಆ ಕುರಿಗಾಹಿ ಬರಿಗಾಲಿನವರೇ ಅಲ್ಲ. ಜಾಲಿಮುಳ್ಳಿನ ಬಯಲಿನಲ್ಲಿ ಕುರಿ ಮೇಯಿಸುವವರಿಗೆ ದಪ್ಪ ಎಕ್ಕಡವಿಲ್ಲದೆ ನಡೆಯಲಾಗದು. ನಮ್ಮದು ನಮಾಜು ಮಾಡುವ ಮನೆಯೆಂದು ಅವರು ಎಕ್ಕಡಗಳನ್ನು ಅಂಗಳದಾಚೆ ಬೇವಿನ ಬುಡದಲ್ಲೇ ಬಿಟ್ಟು ಬರುತ್ತಿದ್ದರು. ಅಬ್ಬಾಗೆ ಇದು ಗೊತ್ತಿಲ್ಲದ್ದಲ್ಲ, ಭಯದಲ್ಲಿ ಮರೆತಿದ್ದರು. ಹೇಳಿದ್ದರೆ ಮತ್ತೆ ವಾದವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅಬ್ಬಾ ಒಳಗೆ ನಮಾಜಿನಲ್ಲಿದ್ದಾಗ, ಜಗುಲಿಯ ಮೇಲೆ ಬಾಡಿದ್ದ ಎಲೆಗಳಿಗೆ ನೀರು ಚಿಮುಕಿಸಿ ತಟ್ಟೆಯಲ್ಲಿಟ್ಟೆ. ಆಮೇಲೆ ಅಬ್ಬಾರ ಚಪ್ಪಲಿಗಳನ್ನು ಒರೆಸಿ, ಅಂಗಳ ದಾಟಿ ಒಯ್ದು, ಬೇವಿನ ಬುಡದಲ್ಲಿ ಆ ಎಕ್ಕಡಗಳು ಇರುತ್ತಿದ್ದ ಜಾಗದಲ್ಲೇ ಇಟ್ಟು ಬಂದೆ. ಚಪ್ಪಲಿ ಬೇಕಾದರೆ ಅಬ್ಬಾ ಅಲ್ಲಿಯವರೆಗೆ ಬರಿಗಾಲಲ್ಲೇ ಹೋಗಬೇಕಿತ್ತು.